ಡಾಕ್ಟರ್ ಧಾಟಿಯ ಎರಡನೆಯ ಅರ್ಧ

ನನಗೆ ಸ್ಟಾಫ್ ನೋಟೇಶನ್, ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ, ಬರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಸಿಂದಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಟೀಚರ್. ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂತು ಓದಿ ಆಮೇಲೆ ಸಿಸ್ಟರ್ ಆದ ಗೆಳತಿಯೊಬ್ಬಳು ಬೆಳಗಾವಿಯಿಂದ ಶಾಲೆಗೆ ಫೋನ್ ಮಾಡಿದಳು. "ವಿದೇಶದಿಂದ ಒಬ್ಬ ಹೆಣ್ಣುಮಗಳು ಬಂದಿದ್ದಾಳೆ. ವಯೊಲಾ ನುಡಿಸುತ್ತಾಳೆ, ಪಿಟೀಲಿಗಿಂತ ಸ್ವಲ್ಪ ದೊಡ್ಡದು. ಯಾವುದೋ ಒಂದು ಟ್ಯೂನ್ ಹುಡುಕಿಕೊಂಡು ಮುದ್ದೇಬಿಹಾಳಕ್ಕೆ ಹೋಗಬೇಕಂತೆ. ಐದು ಗೆರೆಯ ಸಂಗೀತವೂ ಭಜನೆಯೂ ಎರಡೂ ಬಲ್ಲವರು ಆ ಕಡೆ ನೀನು ಬಿಟ್ಟರೆ ಯಾರಿದ್ದಾರೆ, ಪ್ಲೀಸ್ ಡೋಂಟ್ ಸೇ ನೋ."

ನೋ ಅನ್ನುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ. ಆ ಮಳೆಗಾಲದಲ್ಲಿ ನಮ್ಮವರು ತೀರಿಕೊಂಡಿದ್ದರು. ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದೆ. ಹೂಂ ಅಂದೆ.

ಬಂದ ಆ ವಿದೇಶಿ ಹೆಣ್ಣುಮಗಳಿಗೆ ಮೂವತ್ತರ ಆಸುಪಾಸು. ತೆಳ್ಳಗೆ, ಎತ್ತರ. ನಮ್ಮ ಮನೆಯ ಹಾಲ್‌ನಲ್ಲಿ ಕೂತು, ಯಾರದೋ ಮನೆಯ ಅಡ್ರೆಸ್ ಹೇಳುವ ಹಾಗೆ, ತನ್ನ ವಿಷಯ ಹೇಳಿದಳು. ಅವಳದು ಯಹೂದಿ ಮನೆತನ. ಅಜ್ಜಿ ಹಿಟ್ಲರನ ಕ್ಯಾಂಪಿನಿಂದ ಬದುಕಿ ಬಂದವಳು. ಅಜ್ಜಿಯ ತಂದೆ, ತಾಯಿ, ತಂಗಿಯರು, ಚಿಕ್ಕಪ್ಪಂದಿರು ಯಾರೂ ಬರಲಿಲ್ಲ. ಅಜ್ಜಿಯ ಅಣ್ಣ ಒಬ್ಬ ಮಾತ್ರ ಯುದ್ಧಕ್ಕೆ ಮೊದಲೇ ದೇಶ ಬಿಟ್ಟಿದ್ದ. ಡಾಕ್ಟರ್. ಎಲ್ಲೆಲ್ಲೋ ಅಲೆದು ಮುದ್ದೇಬಿಹಾಳದ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯೇ ಸತ್ತ. ಅಣ್ಣತಂಗಿ ಮತ್ತೆ ಮುಖ ನೋಡಲಿಲ್ಲ.

"ಮನೆಯಲ್ಲಿ ಶುಕ್ರವಾರ ಸಂಜೆ, ನಮ್ಮ ವಾರದ ಪವಿತ್ರ ದಿನ ಶುರುವಾಗುವ ಹೊತ್ತಿಗೆ, ಮುತ್ತಜ್ಜ ಊಟದ ಟೇಬಲ್ಲಿನಲ್ಲಿ ಒಂದು ರಾಗ ಹಾಡುತ್ತಿದ್ದನಂತೆ. ಮಾತಿಲ್ಲ, ಬರೀ ರಾಗ. ಅದು ನಮ್ಮ ಮನೆಯದೇ. ಅಜ್ಜಿ ಕ್ಯಾಂಪಿನಿಂದ ಬಂದ ಮೇಲೆ ಒಂದು ದಿನವೂ ಹಾಡಲಿಲ್ಲ. ಅಮ್ಮ ಚಿಕ್ಕವಳಿದ್ದಾಗ ಕೇಳಿದರೆ, ಅದು ನನ್ನ ಅಣ್ಣನ ಹತ್ತಿರ ಇದೆ ಅಂತ ಹೇಳಿ ಎದ್ದು ಹೋಗುತ್ತಿದ್ದಳು."

ಅವಳ ಊರಿನಲ್ಲಿ ಇಂಥ ಮನೆತನಗಳ ಮಕ್ಕಳು ಮೊಮ್ಮಕ್ಕಳು ವರ್ಷಕ್ಕೊಮ್ಮೆ ಒಂದು ಹಾಲ್‌ನಲ್ಲಿ ಸೇರುತ್ತಾರೆ. ಪ್ರತಿ ಮನೆಯವರೂ ತಮ್ಮ ಮನೆಯಲ್ಲಿ ಉಳಿದ ಒಂದು ರಾಗವನ್ನು ತಂದು ಹಾಡುತ್ತಾರೆ, ಇಲ್ಲವೇ ನುಡಿಸುತ್ತಾರೆ. ಅಜ್ಜ ಏನು ತಿನ್ನುತ್ತಿದ್ದ, ಯಾವ ಬೀದಿಯಲ್ಲಿದ್ದ ಎಂದು ಹೇಳುವವರಿಲ್ಲದ ಮಕ್ಕಳಿಗೆ ಆ ರಾಗವೇ ಮನೆ. ಎಷ್ಟೋ ವರ್ಷಗಳಿಂದ ಇವಳು ಎಲ್ಲರ ರಾಗಕ್ಕೂ ವಯೊಲಾದಲ್ಲಿ ಸಾಥ್ ಕೊಡುತ್ತಾ ಬಂದಿದ್ದಾಳೆ. ಇವಳ ಮನೆಯದು ಇಲ್ಲ.

"ಈ ಸಲ ನಮ್ಮದನ್ನು ತರುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟು ಬಂದಿದ್ದೇನೆ," ಎಂದಳು. ಮುಖದಲ್ಲಿ ಏನೂ ಇರಲಿಲ್ಲ. ನನ್ನ ಮುಖದಲ್ಲೂ ಇರಲಿಕ್ಕಿಲ್ಲ. ವಿ ವರ್ ಅ ಗುಡ್ ಪೇರ್.

ಮರುದಿನ ಮುದ್ದೇಬಿಹಾಳಕ್ಕೆ ಹೋದೆವು. ಹಳೆಯ ದವಾಖಾನೆ ಕೆಡವಿ ಹೊಸದು ಕಟ್ಟಿದ್ದರು. ಅಲ್ಲಿದ್ದ ಯುವ ವೈದ್ಯರು ಬಹಳ ಮರ್ಯಾದೆಯಿಂದ ಚಹಾ ಕೊಟ್ಟರು. ಅಷ್ಟು ಹಳೆಯ ಮಾತು ಯಾರಿಗೂ ಗೊತ್ತಿಲ್ಲ ಎಂದರು. ಆಕೆ ಹೊಸ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದಳು. ಬಸ್ ಹಿಡಿದು ವಾಪಸ್ ಬಂದೆವು.

ಬಸ್ಸಿನಲ್ಲಿ ಕೂತಾಗ ನನಗೆ ಹೊಳೆಯಿತು. ನಮ್ಮ ಸೀಮೆಯಲ್ಲಿ ಹೊಸ ಹಾಡು ಕಟ್ಟುವವರು ರಾಗವನ್ನು ಹೊಸದಾಗಿ ಕಟ್ಟುವುದಿಲ್ಲ. ಗೊತ್ತಿರುವ ಒಂದು ಹಾಡಿನ ಮೇಲೆ ತಮ್ಮ ಮಾತು ಕೂಡಿಸುತ್ತಾರೆ. ಆ ಹಳೆಯ ರಾಗಕ್ಕೆ ಧಾಟಿ ಅನ್ನುತ್ತಾರೆ. ಭಜನೆಯಲ್ಲಿ ಕೂತಾಗ "ಇದನ್ನ ಇಂಥಾ ಧಾಟ್ಯಾಗ ಹಾಡ್ರಿ" ಎಂದರೆ ಸಾಕು, ಎಲ್ಲರೂ ಹಿಡಿದುಕೊಳ್ಳುತ್ತಾರೆ. ಸಿಂದಗಿಯ ನಮ್ಮ ಓಣಿಯ ಹೆಣ್ಣುಮಕ್ಕಳ ಭಜನೆಯಲ್ಲಿ ಒಂದಕ್ಕೆ ಡಾಕ್ಟರ್ ಧಾಟಿ ಅಂತ ಹೆಸರು. ವರ್ಷಗಟ್ಟಲೆ ಕೇಳಿದ್ದೇನೆ. ಯಾವ ಡಾಕ್ಟರ್ ಎಂದು ಒಂದು ದಿನವೂ ಕೇಳಿರಲಿಲ್ಲ.

ಸೋಮವಾರದ ಭಜನೆಗೆ ಆಕೆಯನ್ನು ಕರೆದುಕೊಂಡು ಹೋದೆ. ಟೇಪ್ ರೆಕಾರ್ಡರಿಗೆ ಹೊಸ ಸೆಲ್ ಹಾಕಿ, ಮೈಕನ್ನು ಒಂದು ಮಡಿಚಿದ ಶಾಲಿನ ಮೇಲಿಟ್ಟೆ, ನೆಲದ ಸದ್ದು ಹತ್ತಬಾರದೆಂದು. ಹಾರ್ಮೋನಿಯಂ ಮಾಸ್ತರರು ಎರಡನೆಯ ಕಪ್ಪು ಪಟ್ಟಿಯಲ್ಲಿ ಶ್ರುತಿ ಹಿಡಿದರು. ಹೆಂಗಸರು ಶುರು ಮಾಡಿದರು. ಆಕೆ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ, "ನಮ್ಮವರ ಬೇರೆ ರಾಗಗಳಿಗೆ ಹತ್ತಿರ ಇದೆ. ಆದರೆ ಇದಲ್ಲ," ಎಂದಳು.

"ಏನಂದ್ರು ಬಾಯಾರು?" ಎಂದು ಮಾಸ್ತರರು ಕೇಳಿದರು.

"ಇದಲ್ಲ ಅಂತಾರ್ರಿ."

"ಅಲ್ಲದ ಏನು? ಶುದ್ಧ ಭೈರವ ಐತಿ. ಬೆಳಿಗ್ಗಿ ಎದ್ದು ಬರ್ಲಿ ಅನ್ನಿ, ಆವಾಗ ರಂಗ ಏರ್ತೈತಿ."

ಹೆಂಗಸರಿಗೆ ಅವಳ ವಿಷಯ ತಿಳಿಸಬೇಕಾಯಿತು. ನಾನು ಗೊತ್ತಿದ್ದಷ್ಟು ಹೇಳಿದೆ. ಅವರ ಮಂದಿಯನ್ನೆಲ್ಲ ಕೊಂದರು ಎಂದೆ. ತಾಳ ಹಿಡಿದಿದ್ದ ಹೆಂಗಸು ಕೇಳಿದಳು, "ಯಾಕ ಕೊಂದ್ರು ಅಕ್ಕೋರೆ? ಏನ್ ಮಾಡಿದ್ರು?"

"ಏನೂ ಮಾಡಿರ್ಲಿಲ್ಲ. ಯಹೂದ್ಯರು ಅಂತ."

"ಅಷ್ಟಕ್ಕ?"

"ಅಷ್ಟಕ್ಕ."

"ಸಣ್ಣ ಹುಡುಗರನ್ನೂ?"

ನಾನು ಹೂಂ ಅಂದೆ. ಅವಳು ತಾಳವನ್ನು ಒಂದರೊಳಗೊಂದು ಸದ್ದಾಗದಂತೆ ಇಟ್ಟಳು. ಹಿಂದೆ ಕೂತಿದ್ದ ಇನ್ನೊಬ್ಬಳು, "ಈ ಧಾಟಿ ಇಂಡಿ ಕಡೀಗೂ ಐತ್ರಿ. ಅಗರಖೇಡದಾಗ ತೊಟ್ಟಿಲಕ್ಕ ಹಾಡೂದು ಕೇಳೇನಿ," ಎಂದಳು.

ಅಗರಖೇಡಕ್ಕೆ ಹೋಗುವ ಬಸ್ಸಿನಲ್ಲಿ ನಿಂಬೆಯ ಚೀಲಗಳ ನಡುವೆ ವಯೊಲಾದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ಅಲ್ಲಿ ಒಬ್ಬ ಮುದುಕಿ, ಬರಿದಾದ ತೊಟ್ಟಿಲನ್ನು ತೂಗುತ್ತಾ ಹಾಡಿದಳು. ಹಾಡಲು ತೊಟ್ಟಿಲು ತೂಗಲೇಬೇಕಂತೆ, ಇಲ್ಲದಿದ್ದರೆ ನೆನಪಾಗುವುದಿಲ್ಲ. ಧಾಟಿ ಎಲ್ಲಿಂದ ಬಂತು ಎಂದು ಕೇಳಿದರೆ, "ಓಣಿ ಹೆಣ್ಮಕ್ಕಳು ಹಾಡ್ತಿದ್ರು, ನಾನೂ ಹಾಡಿದೆ. ಅದಕ್ಕೇನು ಕಾಗದ ಪತ್ರ ಇರ್ತಾವೇನವ್ವಾ?" ಎಂದಳು.

ಅವಳ ನಿಷಾದ, ಏಳನೆಯ ಸ್ವರ, ಭೈರವದಲ್ಲಿ ಇರಬೇಕಾದ್ದಕ್ಕಿಂತ ಇಳಿದಿತ್ತು. ವಯಸ್ಸಾದ ಗಂಟಲು, ಸ್ವಲ್ಪ ಬೇಸುರ್ ಎಂದು ನಾನು ಪೆನ್ಸಿಲಿನಲ್ಲಿ ಅದನ್ನು ಏರಿಸಿಯೇ ಬರೆದುಕೊಂಡೆ. ಹಾರ್ಮೋನಿಯಂ ಮೇಲೆ ಕಲಿತವರ ಕೈ ಹಾಗೆಯೇ. ಆದರೆ ಆಕೆ ನನ್ನ ಮುಂಗೈ ಹಿಡಿದಳು. "ಆ ನೋಟ್ ಇನ್ನೊಮ್ಮೆ."

ಮುದುಕಿ ಇನ್ನೊಮ್ಮೆ ತೂಗಿದಳು. ನಿಷಾದ ಮತ್ತೆ ಇಳಿದೇ ಬಂತು, ಅಷ್ಟೇ ಇಳಿದು. ಬೇಸುರಾಗಿದ್ದರೆ ಎರಡು ಸಲ ಒಂದೇ ಜಾಗದಲ್ಲಿ ಬರುವುದಿಲ್ಲ.

"ನಮ್ಮ ಪ್ರಾರ್ಥನಾಮಂದಿರದಲ್ಲಿ ಅದು ಕೆಳಗೇ ಇರುತ್ತದೆ," ಎಂದಳು ಆಕೆ.

ಸಿಂದಗಿಗೆ ಬಂದು, ಮಾಸ್ತರರನ್ನು ಬೇಡಿಕೊಂಡು, ಹಾರ್ಮೋನಿಯಂ ಮುಚ್ಚಿಸಿ ಹೆಂಗಸರಿಂದ ಹಾಡಿಸಿದೆವು. ಆಸರೆ ಹೋದ ಕೂಡಲೇ ನಿಷಾದ ತಾನಾಗಿಯೇ ಕೆಳಗೆ ಜಾರಿ ತನ್ನ ಜಾಗದಲ್ಲಿ ಕೂತಿತು. ಭೈರವ ಎಂದು ತಿಳಿದು ಮಾಸ್ತರರೇ ಅಷ್ಟು ವರ್ಷ ಅದನ್ನು ಏರಿಸುತ್ತಾ ಬಂದಿದ್ದರು.

"ಭೈರವದಾಗ ಕೋಮಲ ನಿಷಾದ ಎಲ್ಲಿಂದ ತಂದ್ರಿ? ಇವರ ದೇಶದಿಂದೇನು?" ಎಂದು ಅವರು ಹುಬ್ಬು ಗಂಟಿಕ್ಕಿದರು.

"ಹೌದ್ರಿ, ಅಲ್ಲಿಂದನ ಬಂದದ್ದು."

ಅವರು ಮುಚ್ಚಿದ ಹಾರ್ಮೋನಿಯಂ ಕಡೆ ನೋಡಿ, "ಬಂದದ್ದು ಬಂತು, ನನಗ ಒಂದು ಮಾತು ಹೇಳಬಾರದಾ?" ಎಂದರು. ಯಾರಿಗೆ ಹೇಳಿದರೋ.

ಅಂದಿನಿಂದ ಕೆಲಸ ಒಂದು ದಾರಿಗೆ ಹತ್ತಿತು. ಸಂಜೆ ಶಾಲೆ ಬಿಟ್ಟ ಮೇಲೆ ಸಂಗೀತದ ಕೋಣೆಯಲ್ಲಿ ಕೂತು, ಕ್ಯಾಸೆಟ್ಟನ್ನು ಹಿಂದೆ ತಿರುಗಿಸಿ ಒಂದೊಂದೇ ತುಣುಕು ಕೇಳುವುದು. ನಾನು ಸರಿಗಮದಲ್ಲಿ ಹಾಡಿ ಗೆರೆಯ ಮೇಲೆ ಬರೆಯುವುದು. ಅವಳು ವಯೊಲಾದಲ್ಲಿ ನುಡಿಸಿ ತೋರಿಸುವುದು. ತಂತಿವಾದ್ಯಕ್ಕೆ ಅನುಕೂಲವಾಗಲೆಂದು ಷಡ್ಜವನ್ನು ಪಾಶ್ಚಾತ್ಯರ ಡಿ ಸ್ವರದ ಮೇಲೆ ಇಟ್ಟೆವು. ಮೊದಲರ್ಧ ಚಿಕ್ಕದು. ಪಂಚಮದಿಂದ ಎದ್ದು, ಆ ಕೋಮಲ ನಿಷಾದವನ್ನು ಮುಟ್ಟಿ, ಸುತ್ತಿಕೊಂಡು ಇಳಿದು ಗಾಂಧಾರದ ಮೇಲೆ ನಿಲ್ಲುತ್ತದೆ. ಷಡ್ಜಕ್ಕೆ ಬರುವುದಿಲ್ಲ. ಎರಡನೆಯ ಅರ್ಧ ಅದನ್ನು ಮನೆ ಮುಟ್ಟಿಸುತ್ತದೆ.

ತೊಡಕು ಅಲ್ಲೇ ಇತ್ತು. ಸಿಂದಗಿಯಲ್ಲೂ ಅಗರಖೇಡದಲ್ಲೂ ಮೊದಲರ್ಧ ಒಂದು ಸ್ವರ ಹೆಚ್ಚುಕಡಿಮೆ ಇಲ್ಲದೆ ಒಂದೇ. ಎರಡನೆಯ ಅರ್ಧ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಸಿಂದಗಿಯದು ಮಧ್ಯಮದಿಂದ ಹೊರಟು ಕೋಮಲ ರಿಷಭದ ಮೇಲೆ ಸ್ವಲ್ಪ ನಿಂತು ಇಳಿಯುತ್ತದೆ. ಅಗರಖೇಡದ್ದು ತೊಟ್ಟಿಲಿನ ಹಾಗೆ ಎರಡು ಸ್ವರಗಳ ನಡುವೆ ಆಡಿ ಮುಗಿಯುತ್ತದೆ. ಇದು ಆಶ್ಚರ್ಯವೇನಲ್ಲ ಎಂದು ನಾನು ಹೇಳಿದೆ. ಯಾವ ಹಾಡಿನಲ್ಲೂ ಮೊದಲ ಸಾಲು ಎಲ್ಲರಿಗೂ ನೆನಪಿರುತ್ತದೆ, ಮುಂದಿನದು ಬಾಯಿಂದ ಬಾಯಿಗೆ ಸವೆಯುತ್ತದೆ. ಎರಡರಲ್ಲಿ ಯಾವುದು ಹಳೆಯದು ಎಂದು ಹುಡುಕಿದರಾಯಿತು. ರಿಷಭದ ಮೇಲೆ ಆ ರೀತಿ ನಿಲ್ಲುವುದು ಇಲ್ಲಿಯ ರೂಢಿಯಲ್ಲ, ಆದ್ದರಿಂದ ಸಿಂದಗಿಯದೇ ಮೂಲ ಎಂದು ತರ್ಕ ಮಾಡಿದೆ. ಅವಳೂ ಒಪ್ಪಿದಳು. ಅವಳಿಗೆ ಒಪ್ಪುವ ಅವಸರವಿತ್ತು, ನನಗೆ ಮುಗಿಸುವ ಅವಸರ.

ಮಸಿಯಲ್ಲಿ ಫೇರ್ ಕಾಪಿ ಮಾಡಿಕೊಟ್ಟೆ. ಅವಳು ಅದನ್ನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿ, ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿಗೆ ಹೋದಳು. ಗಾಜಿನ ಡಬ್ಬಿಯೊಳಗೆ ವಯೊಲಾ ಹಿಡಿದು ನಿಲ್ಲುವಷ್ಟು ಜಾಗವಿರಲಿಲ್ಲ. ಬಾಗಿಲು ತೆರೆದು, ರಿಸೀವರನ್ನು ನನ್ನ ಕೈಗೆ ಕೊಟ್ಟು, ಹೊರಗೆ ನಿಂತು ನುಡಿಸಿದಳು. ನಾನು ರಿಸೀವರನ್ನು ವಾದ್ಯದ ಕಡೆ ಹಿಡಿದು ನಿಂತೆ. ಬಸ್ಸಿನವರು, ಪೇಪರಿನವರು, ಎಲ್ಲರೂ ನೋಡುತ್ತಿದ್ದರು. ಮುಗಿದ ಮೇಲೆ ರಿಸೀವರ್ ಅವಳಿಗೆ ಕೊಟ್ಟೆ. ಅವಳು ಅದನ್ನು ಕಿವಿಗೆ ಒತ್ತಿ ಹಿಡಿದಳು. ಆಮೇಲೆ ಎರಡು ಮಾತು.

"ಅಮ್ಮ ಏನಂದಳು?"

"ಹೌದು, ಅದೇ ಇರಬೇಕು ಅಂದಳು."

ಅವಳು ನಕ್ಕಿದ್ದನ್ನು ಅಂದು ಮೊದಲ ಸಲ ನೋಡಿದೆ. ಟಿಕೆಟ್ ದಿನ ಹತ್ತಿರ ಬಂದಿತ್ತು. ಬಸವನ ಬಾಗೇವಾಡಿಯಲ್ಲಿ ಕೂಡ ಈ ಧಾಟಿ ಇದೆ ಎಂದು ಯಾರೋ ಹೇಳಿದ್ದರು. ಅದೊಂದನ್ನು ರೆಕಾರ್ಡ್ ಮಾಡಿ ಮುಗಿಸೋಣ ಎಂದು ಹೊರಟೆವು.

ಬಾಗೇವಾಡಿಯ ಹೆಂಗಸರದು ಗಟ್ಟಿ ದನಿ. ಮೊದಲರ್ಧ ಮತ್ತೆ ಅದೇ. ಎರಡನೆಯದು ಮೂರನೆಯ ಬಗೆ. ನಾನು ಪೆನ್ಸಿಲ್ ಇಟ್ಟು ಧಾಟಿ ಎಲ್ಲಿಯದು ಎಂದು ಕೇಳಿದೆ. ಮುಂದೆ ಕೂತವಳು ಹೇಳಿದಳು:

"ನಮ್ಮ ಅತ್ತಿಗಿ ತಂದದ್ರೀ. ಅಕಿ ತವರುಮನಿ ಮುದ್ದೇಬಿಹಾಳ. ಅವರವ್ವ ದವಾಖಾನ್ಯಾಗ ಆಯಾ ಇದ್ಲು. ನಮ್ಮ ಅತ್ತಿಗಿ ಅಕ್ಕನ್ನ ನಿಮ್ಮ ಸಿಂದಗಿಗೇ ಕೊಟ್ಟಾರ, ತಂಗಿನ್ನ ಅಗರಖೇಡಕ್ಕ."

"ಆ ಆಯಾ ಈಗ?"

"ಏನಾಗೇತಿ ಅಕಿಗೆ? ಮೊನ್ನಿ ಬಂದು ನಮಗೆಲ್ಲಾ ರೊಟ್ಟಿ ಬಡದು ಹಾಕಿ, ನಿಮಗ ರೊಟ್ಟಿ ಬಡಿಯಾಕ ಬರೂದಿಲ್ಲಂತ ಬೈದು ಹೋದ್ಲು."

ಹೀಗೆ ಎರಡನೆಯ ಸಲ ಮುದ್ದೇಬಿಹಾಳಕ್ಕೆ ಹೋದೆವು. ಆಕೆಗೆ ಅದು ಒಂದು ನಮಸ್ಕಾರದ ಭೇಟಿ. ಅಜ್ಜಿಯ ಅಣ್ಣನನ್ನು ಕಣ್ಣಾರೆ ಕಂಡ ಒಬ್ಬರನ್ನು ನೋಡಿ, ಕಲಿತದ್ದನ್ನು ಅವರೆದುರು ನುಡಿಸಿ ಹೋಗುವುದು. ಕೆಲಸ ಮುಗಿದಿದೆ ಎಂದೇ ಇಬ್ಬರೂ ತಿಳಿದಿದ್ದೆವು.

ಆಯಾ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಡಾಕ್ಟರ ತಂಗಿಯ ಮೊಮ್ಮಗಳು ಎಂದು ಹೇಳಿದಾಗ ಮೊರವನ್ನು ಕೆಳಗಿಟ್ಟು, ಎದ್ದು ಬಂದು ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಮೂಗು ಅವರದ ಐತಿ. ಊಟಾ ಮಾಡೂದಿಲ್ಲೇನು ಇದು? ಅವರೂ ಹಿಂಗ ಇದ್ರು, ಕಟಗಿ ಆಗಿದ್ರು."

ಡಾಕ್ಟರನ್ನು ಊರ ಹೊರಗೆ ಮಣ್ಣು ಮಾಡಿದರಂತೆ. ಈಗ ಅಲ್ಲಿ ಮನೆಗಳಾಗಿವೆ. ಅದನ್ನು ಅನುವಾದಿಸಿದೆ. ಆಕೆ ತಲೆಯಾಡಿಸಿ, ಪೆಟ್ಟಿಗೆ ತೆರೆದು, ವಯೊಲಾ ಭುಜಕ್ಕಿಟ್ಟು, ಪೂರ್ತಿ ನುಡಿಸಿದಳು. ಎರಡೂ ಅರ್ಧ. ಚೆನ್ನಾಗಿ ನುಡಿಸಿದಳು, ಐ ಮಸ್ಟ್ ಸೇ.

ಮುದುಕಿ ಮೊದಲರ್ಧಕ್ಕೆ ಕಣ್ಣು ಮುಚ್ಚಿದವಳು ಎರಡನೆಯದಕ್ಕೆ ಕಣ್ಣು ತೆರೆದಳು.

"ಹಿಂದಿನದು ನಮ್ಮ ದೊಡ್ಡಾಕಿ ಹಾಡೂದು. ಸಿಂದಗಿಯವರದು. ಅದನ್ಯಾಕ ಕಲಿಸಿದ್ರಿ?"

"ಡಾಕ್ಟರದು ಹ್ಯಾಂಗಿತ್ತು ಹಂಗಾದ್ರ?" ಎಂದು ನಾನು ಕೇಳಿದೆ.

"ಡಾಕ್ಟರದು ಇರ್ಲೇ ಇಲ್ಲಲ್ರಿ. ಅವರು ಅಷ್ಟ ಹಾಡಿ ನಿಂದರ್ತಿದ್ರು."

ಆಮೇಲೆ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ಶುಕ್ರಾರ ಸಂಜೀಕ ತಪ್ಪಿಸ್ತಿರ್ಲಿಲ್ಲ. ಮ್ಯಾಜಿನ ಮ್ಯಾಲ ಎರಡು ಮೇಣಬತ್ತಿ ಹಚ್ಚೂದು, ರೊಟ್ಟಿ ಮ್ಯಾಲ ಒಂದು ಅರಿವಿ ಮುಚ್ಚೂದು. ನಾವೂ ಶುಕ್ರಾರ ಲಕ್ಷ್ಮಿಗೆ ದೀಪಾ ಹಚ್ತೇವಲ್ಲ, ಅವರೂ ಲಕ್ಷ್ಮೀ ಪೂಜಿ ಮಾಡ್ತಾರಂತ ತಿಳದಿದ್ದೆ ನಾ. ಇಷ್ಟು ಸೊಲ್ಲು ಹಾಡ್ತಿದ್ರು. ಹಾಡಿ ಸುಮ್ನ ಕೂಡ್ತಿದ್ರು. ಮತ್ತ ಹಾಡ್ತಿದ್ರು. ಮತ್ತ ಸುಮ್ನ. ನಾ ಪಡಸಾಲ್ಯಾಗ ಕಂದೀಲ ಒರಸ್ಕೋತ ಕೇಳ್ತಿದ್ದೆ. ಯಾರೂ ಎತ್ತಿಕೊಳ್ಳವಲ್ರು. ಒಬ್ಬರು ಸೊಲ್ಲು ಹಾಡಿದ ಮ್ಯಾಲ ಇನ್ನೊಬ್ಬರು ಎತ್ತಿಕೊಳ್ಳದ ಹಂಗ ಬಿಡಬಾರದು ಅಕ್ಕೋರೆ, ನಿಮಗ ಗೊತ್ತೈತಲ್ಲ. ಬಾಗಲಾಗ ಬಂದವರನ್ನ ಒಳಗ ಕರೀದ ನಿಂದರಿಸಿದಂಗ. ಒಂದಿನ ನನಗ ತಡಕೊಳ್ಳಾಕ ಆಗ್ಲಿಲ್ಲ. ನಮ್ಮ ಕಡೆ ಹ್ಯಾಂಗ ಎತ್ತಿಕೊಳ್ತಾರ ಹಂಗ ಎತ್ತಿಕೊಂಡು ಹಾಡಿಬಿಟ್ಟೆ."

"ಆವಾಗ?"

"ಕುರ್ಚಿ ಬಿತ್ತು ನೋಡ್ರಿ ಒಳಗ. ಓಡಿ ಬಂದು ಬಾಗಲದಾಗ ನಿಂತ್ರು. ಆ ಮಾರಿ ನೋಡಬೇಕಿತ್ತು. ಊರಿಂದ ಯಾರರ ಬಂದಾರೇನೋ ಅನ್ನೂವಂಗ. ನನ್ನ ನೋಡಿದ್ರು. ಹೊಳ್ಳಿ ಒಳಗ ಹೋದ್ರು."

"ಸಿಟ್ಟಾದ್ರೇನು?"

"ಇಲ್ರಿ. ಮುಂದಿನ ಶುಕ್ರಾರ ಬಾಗಲಾ ತಗದಿಟ್ಟು ಹಾಡಿದ್ರು. ನಾನು ಎತ್ತಿಕೊಂಡೆ. ಸಾಯೂತನಕಾ ಹಂಗ ನಡೀತು. ನನ್ನ ಹೆಣ್ಮಕ್ಕಳು ಅಲ್ಲೇ ಆಡ್ಕೋತ ಕಲತ್ರು. ಕೊಟ್ಟ ಮನಿಗೆ ಹೋಗಿ ಅವರು ಸೊಲ್ಲು ಹಾಡಿದ್ರು, ಅಲ್ಲಿಯವರು ಅಲ್ಲಿಯ ರೀತ್ಯಾಗ ಎತ್ತಿಕೊಂಡ್ರು. ಎತ್ತಿಕೊಳ್ಳೂದು ಆಯಾ ಊರಿನ ಮಂದಿದಲ್ಲೇನ್ರಿ?"

ಹೌದು. ಅದು ನನಗೆ ಗೊತ್ತಿದ್ದದ್ದೇ. ಭಜನೆಯಲ್ಲಿ ಒಬ್ಬರು ಸೊಲ್ಲು, ಅಂದರೆ ಮೊದಲ ಸಾಲು, ಹಾಡುತ್ತಾರೆ; ಅದಕ್ಕೆ ಉತ್ತರವಾಗಿ ಹಿಮ್ಮೇಳ ಎತ್ತಿಕೊಳ್ಳುವ ಇಳಿತ ಊರೂರಿಗೆ ಬೇರೆ. ಸವೆದು ಬೇರೆಯಾದದ್ದಲ್ಲ. ಮೊದಲಿನಿಂದಲೂ ಅಲ್ಲಿ ಏನೂ ಇರಲಿಲ್ಲ.

"ವಾಟ್ ಡಸ್ ಶೀ ಸೇ?" ಎಂದು ಆಕೆ ಕೇಳಿದಳು. ವಯೊಲಾ ಇನ್ನೂ ಭುಜದ ಮೇಲಿತ್ತು.

ನಾನು ಕೂಡಲೇ ಹೇಳಲಿಲ್ಲ. ಹೇಳದಿರುವುದು ಬಹಳ ಸುಲಭವಿತ್ತು. ಆ ಅಂಗಳದಲ್ಲಿ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ. ಚೆನ್ನಾಗಿ ನುಡಿಸಿದಿ ಅಂತಾಳೆ, ಥೇಟ್ ಡಾಕ್ಟರ ಹಾಗೆಯೇ ಅಂತಾಳೆ ಎಂದರೆ ಮುಗಿಯಿತು. ಅವಳು ಒಂದು ಪೂರ್ತಿ ರಾಗ ತೆಗೆದುಕೊಂಡು ಹೋಗುತ್ತಾಳೆ. ಅವಳ ತಾಯಿ ಆಗಲೇ ಹೌದು ಎಂದಿದ್ದಾಳೆ. ಆ ಹಾಲ್‌ನಲ್ಲಿ ಯಾರಿಗೂ ತಿಳಿಯುವುದಿಲ್ಲ. ಸಿಂದಗಿಯ ಎಂಟು ಹೆಂಗಸರ ಇಳಿತವನ್ನು ಅವರೆಲ್ಲ ಇವಳ ಮುತ್ತಜ್ಜನದು ಎಂದು ತಲೆ ತಗ್ಗಿಸಿ ಕೇಳುತ್ತಾರೆ. ಯಾರಿಗೂ ನಷ್ಟವಿಲ್ಲ. ಇದೆಲ್ಲವನ್ನೂ ನಾನು ದುಃಖದಿಂದಾಗಲಿ ಕರುಣೆಯಿಂದಾಗಲಿ ಯೋಚಿಸಲಿಲ್ಲ. ಬಸ್ಸಿನ ಟೈಮ್ ಯೋಚಿಸಿದ ಹಾಗೆ ಯೋಚಿಸಿದೆ. ಆದರೆ ಅವಳಿಗೆ ಬೇಕಾದದ್ದು ಚೆಂದದ ರಾಗವಾಗಿದ್ದರೆ ಅಷ್ಟು ದೂರದಿಂದ ಬರಬೇಕಾಗಿರಲಿಲ್ಲ, ಅವಳೇ ಒಂದನ್ನು ಕಟ್ಟಬಹುದಿತ್ತು. ತನ್ನವರದು ಬೇಕು ಎಂದು ಬಂದವಳು.

ಹೇಳಿದೆ. ಒಂದು ಮಾತೂ ಬಿಡದೆ, ಮೇಣಬತ್ತಿ, ರೊಟ್ಟಿಯ ಮೇಲಿನ ಬಟ್ಟೆ, ಬಿದ್ದ ಕುರ್ಚಿ, ಎಲ್ಲ.

ಅವಳು ವಯೊಲಾವನ್ನು ಭುಜದಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡಳು. ಅಳಲಿಲ್ಲ. "ತಂದೆ ಹಾಡುತ್ತಾನೆ, ಟೇಬಲ್ ಉತ್ತರಿಸುತ್ತದೆ. ಎಷ್ಟೋ ಮನೆಗಳಲ್ಲಿ ಹಾಗೆಯೇ," ಎಂದಳು. ಟೇಬಲ್ ಎಂದರೆ ಟೇಬಲ್ಲಿನ ಸುತ್ತ ಕೂತವರು. "ಅವನು ತಂದೆಯ ಪಾಲು ಹಾಡುತ್ತಿದ್ದ. ನಮ್ಮ ಉತ್ತರ ಯಾರಿಗೆ ಗೊತ್ತಿತ್ತೋ ಅವರು ಯಾರೂ ಇಲ್ಲ. ಅಜ್ಜಿಗೆ ಗೊತ್ತಿತ್ತು. ಅವಳು ಹಾಡಲಿಲ್ಲ." ಆಮೇಲೆ ಮುದುಕಿಯ ಕಡೆ ನೋಡಿ, "ಎಷ್ಟು ಹೊತ್ತು ಸುಮ್ಮನಿರುತ್ತಿದ್ದ, ಕೇಳಿ," ಎಂದಳು.

ಕೇಳಿದೆ. ಮುದುಕಿ ಗದ್ದಕ್ಕೆ ಕೈ ಹಚ್ಚಿ ಯೋಚಿಸಿದಳು. "ಒಂದು ಮನಿ ಮಂದಿ ಎಲ್ಲಾ ಕೂಡಿ ಹಾಡಿ ಮುಗಸೂವಷ್ಟು."

ಆಗ ಮುದುಕಿಯೇ ನನ್ನನ್ನು ಕೇಳಿದಳು. "ಅವರ ಮನಿ ಮಂದಿ ಎಲ್ಲಿದ್ರು ಅಕ್ಕೋರೆ? ನಾ ಭಾಳ ಸಲ ಕೇಳೇನಿ, ಅವರು ಹೇಳಲಿಲ್ಲ."

ಭಜನೆಯಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಿದೆ. ಎರಡನೆಯ ಸಲ ಹೇಳುವಾಗ ನಾಲಿಗೆಗೆ ರೂಢಿಯಾಗಿತ್ತು, ಅದು ನನಗೇ ತಿಳಿಯಿತು. ಮುದುಕಿ ಮತ್ತೆ ಮೊರದ ಮುಂದೆ ಕೂತಳು. ಮೊರದಲ್ಲಿನ ತೊಗರಿಯನ್ನು ಬೆರಳಿನಿಂದ ಒಂದು ಕಡೆ ಸರಿಸಿದಳು, ಮತ್ತೆ ಇನ್ನೊಂದು ಕಡೆ ಸರಿಸಿದಳು.

ಆಕೆ ಮತ್ತೆ ವಯೊಲಾ ಎತ್ತಿದಳು. ಮೊದಲರ್ಧ ನುಡಿಸಿ, ಗಾಂಧಾರದ ಮೇಲೆ ಕಮಾನು ನಿಲ್ಲಿಸಿ, ಮುದುಕಿಯ ಕಡೆ ನೋಡಿದಳು. ನಂತರ ನನ್ನ ಕಡೆ. "ಅವರು ಹಾಡಲಿ. ಅವನಿಗೆ ಹಾಡುತ್ತಿದ್ದ ಹಾಗೆ."

"ಹಾಡ್ಬೇಕಂತ," ಎಂದೆ.

ಮುದುಕಿ ಸೆರಗನ್ನು ಬಾಯಿಗೆ ಹಿಡಿದಿದ್ದಳು. ತೆಗೆಯದೆಯೇ ತಲೆಯಾಡಿಸಿದಳು.

"ಬ್ಯಾಡ್ರಿ. ಅದು ಅವರವ್ವ, ಅವರ ತಂಗಿದೇರು ಹಾಡೂ ಜಾಗಾ. ನನಗ ಗೊತ್ತಿದ್ದಿಲ್ಲ. ಗೊತ್ತಿಲ್ಲದ ಕುಂತಿದ್ದೆ ನಾ ಅಲ್ಲಿ."

ಅದನ್ನೂ ಅನುವಾದಿಸಿದೆ. ಆಕೆ ಮುದುಕಿಯ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನಾನು ಕನ್ನಡ ಮಾಡುವ ಮೊದಲೇ ಮುದುಕಿ, "ಹೂನವ್ವಾ, ಹೂಂ," ಎಂದಳು. ನಾನು ಅನುವಾದ ಮಾಡದೆ ಬಿಟ್ಟ ಮಾತು ಅದೊಂದೇ. ಅವಳು ಹೇಳಿದ್ದು ಇಷ್ಟು: ಅವನು ಬಾಗಿಲು ತೆರೆದಿಟ್ಟಿದ್ದು ನಿನಗಾಗಿ.

ಮುದುಕಿ ಹಾಡಲಿಲ್ಲ. ಆಕೆ ಮತ್ತೆ ಮತ್ತೆ ನುಡಿಸಿ, ನಿಲ್ಲಿಸಿ, ಕಾದಳು. ಆ ನಡುವಿನ ಹೊತ್ತಿನಲ್ಲಿ ಹಿಟ್ಟಿನ ಗಿರಣಿಯ ಸದ್ದು, ತಾಳಿಕೋಟೆ ಬಸ್ಸಿನ ಹಾರ್ನ್, ಎಲ್ಲ ರೆಕಾರ್ಡಾದವು. ಟೇಪನ್ನು ನಿಲ್ಲಿಸಬೇಕೆಂದು ನನಗೆ ತೋಚಲಿಲ್ಲ.

ಸಿಂದಗಿಗೆ ಬಂದು ಹೊಸ ಹಾಳೆಯಲ್ಲಿ ಬರೆದೆ. ಮೊದಲರ್ಧ ಮಸಿಯಲ್ಲಿ. ಅದರ ಮುಂದೆ ಅಷ್ಟೇ ಉದ್ದದ ಖಾಲಿ ಬಾರ್‌ಗಳು, ಪ್ರತಿ ತಾಳಮನೆಯಲ್ಲೂ ಒಂದು ಹೋಲ್ ರೆಸ್ಟ್, ಆ ಇಡೀ ಮನೆ ಸುಮ್ಮನಿರಬೇಕೆಂಬ ಗುರುತು. ಕಾನ್ವೆಂಟಿನಲ್ಲಿ ನಮ್ಮ ಪಿಯಾನೋ ಸಿಸ್ಟರ್ ರೆಸ್ಟನ್ನು ಅವಸರ ಮಾಡಿದರೆ ಬೆರಳಿನ ಗೆಣ್ಣಿಗೆ ಹೊಡೆಯುತ್ತಿದ್ದರು. ಅಷ್ಟು ರೆಸ್ಟ್‌ಗಳನ್ನು ಒಂದೇ ಹಾಳೆಯಲ್ಲಿ ನಾನು ಬರೆದಿರಲಿಲ್ಲ. ಸಿಂದಗಿ, ಅಗರಖೇಡ, ಬಾಗೇವಾಡಿ ಮೂರೂ ಕಡೆಯ ಉತ್ತರಗಳನ್ನು ಬೇರೆ ಬೇರೆ ಹಾಳೆಗಳಲ್ಲಿ ಊರಿನ ಹೆಸರು ಹಾಕಿ ಬರೆದುಕೊಟ್ಟೆ. ಮುದ್ದೇಬಿಹಾಳದ್ದು ಇಲ್ಲ. ಅದನ್ನು ಹಾಡಿ ತೋರಿಸಲು ಮುದುಕಿ ಕೊನೆಗೂ ಒಪ್ಪಲಿಲ್ಲ.

ಆಕೆ ಹಾಳೆಗಳನ್ನು ನೋಡಿ, "ಅಮ್ಮನಿಗೆ ಏನು ಹೇಳಲಿ?" ಎಂದಳು. ನಾನು ಹಾಳೆಗಳನ್ನು ಸುತ್ತಿ ಅವಳ ಪೆಟ್ಟಿಗೆಯಲ್ಲಿಟ್ಟೆ. ಸೋಲಾಪುರದ ಬಸ್ಸು ಬಂತು. ಅವಳು ಹೋದಳು.

ಅವರ ಆ ಕೂಟ ಮುಗಿದ ಮೇಲೆ ಶಾಲೆಗೆ ಫೋನ್ ಬಂತು. ಪ್ಯೂನ್ ಓಡುತ್ತಾ ಬಂದು ಕರೆದ. ಆಫೀಸಿನಲ್ಲಿ ರಿಸೀವರ್ ಹಿಡಿದು ನಿಂತೆ. ನಾವು ಎಂದಿನಂತೆ ಇಂಗ್ಲಿಷಿನಲ್ಲೇ ಮಾತಾಡಿದೆವು.

"ನುಡಿಸಿದೆ," ಎಂದಳು. "ಏನನ್ನೂ ವಿವರಿಸಲಿಲ್ಲ. ಇದು ಅರ್ಧ, ಇನ್ನರ್ಧ ಇಲ್ಲ ಅಂತ ಮಾತ್ರ ಹೇಳಿದೆ. ಮೊದಲ ಸಲ ಎಲ್ಲರೂ ಸುಮ್ಮನಿದ್ದರು. ಎರಡನೆಯ ಸಲ ನಿಲ್ಲಿಸಿದಾಗ ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಶುರು ಮಾಡಿದ. ಅವನ ಮನೆಯಲ್ಲಿ ಉತ್ತರ ಹಾಗಿತ್ತಂತೆ. ಪಕ್ಕದವಳು, ಹಾಗಲ್ಲ ಹೀಗೆ ಅಂತ ತನ್ನ ಮನೆಯದು ಹಾಡಿದಳು. ಮೂರನೆಯ ಸಲ ಇಡೀ ಹಾಲ್. ಒಬ್ಬರದು ಒಬ್ಬರಿಗೆ ಕೂಡಲಿಲ್ಲ. ಶ್ರುತಿ ಬೇರೆ, ವೇಗ ಬೇರೆ. ಭಯಂಕರ ಗದ್ದಲ."

"ನೀನೇನು ಮಾಡಿದೆ?"

"ಎಲ್ಲರದೂ ಮುಗಿಯುವ ತನಕ ಕಾದೆ. ಮತ್ತೆ ನುಡಿಸಿದೆ."

"ಅಮ್ಮ?"

"ಅಮ್ಮ ಹಾಡಲಿಲ್ಲ, ಅವಳಿಗೆ ಗೊತ್ತಿಲ್ಲವಲ್ಲ. ಕಾರಿನಲ್ಲಿ ಕೇಳಿದಳು, ಇದರಲ್ಲಿ ನಮ್ಮದು ಯಾವುದು ಅಂತ. ನಾನು ನುಡಿಸಿದ್ದು, ಆಮೇಲೆ ನಾನು ಕಾದದ್ದು ಅಂತ ಹೇಳಿದೆ."

ಇನ್ನೇನೋ ಹೇಳುವಷ್ಟರಲ್ಲಿ ಲೈನ್ ಹೋಯಿತು. ನಾನು ಸ್ವಲ್ಪ ಹೊತ್ತು ರಿಸೀವರ್ ಹಿಡಿದೇ ಇದ್ದೆ, ಮತ್ತೆ ಬಂದೀತೆಂದು. ಬರಲಿಲ್ಲ. ಬಾಗಿಲಲ್ಲಿ ಪ್ಯೂನ್ ನಿಂತಿದ್ದ.

"ಫಾರಿನ್ ಬಾಯಾರದೇನ್ರಿ? ಕಾರ್ಯಕ್ರಮ ಛಲೋ ಆತಂತೇನ್ರಿ?"

"ಗದ್ದಲಾತಂತ," ಎಂದು ಹೇಳಿ ಕ್ಲಾಸಿಗೆ ಹೋದೆ.